ಬೆವರದ ಮಡಕೆ

ಚಾಮರಾಜಪೇಟೆಯ ವಠಾರದ ಬಾವಿಯನ್ನು ಮಾಲೀಕ ಅಂದು ಬೆಳಿಗ್ಗೆ ಕಾಂಕ್ರೀಟು ಹಾಕಿ ಮುಚ್ಚಿಸಿದ್ದ. ಕಾರು ನಿಲ್ಲಿಸಲು ಜಾಗ ಬೇಕಂತೆ. ಅದಕ್ಕೂ ಮೊದಲು ಗೌರೀಶ ಕೊನೆಯ ಕೊಡ ಸೇದಿ, ತಂಗಿ ತಂದಿದ್ದ ಹೊಸ ಮಡಕೆಗೆ ತುಂಬಿ, ಒದ್ದೆ ಮರಳಿನ ಮೇಲಿಟ್ಟಿದ್ದ. ಹಾಸಿಗೆ ಹಿಡಿದ ಅಜ್ಜಿ ಚಿಕ್ಕಮುನಿಯಮ್ಮನ ಗಂಟಲಲ್ಲಿ ಇಳಿಯುತ್ತಿದ್ದುದು ತಣ್ಣನೆಯ ಬಾವಿ ನೀರೊಂದೇ. ಫ್ರಿಜ್ಜಿನ ನೀರು ಕೊಟ್ಟರೆ ಉಗಿಯುತ್ತಿದ್ದಳು.

ಸಂಜೆ ಲೋಟ ಅದ್ದಿದರೆ ನೀರು ಬೆಚ್ಚಗಿತ್ತು. ಗೌರೀಶ ಮಡಕೆಯ ಹೊಟ್ಟೆ ಸವರಿದ. ಒಂದು ಹನಿ ತೇವವಿಲ್ಲ, ಗಾಜಿನಂಥ ನುಣುಪು. ಬೆಳಗಿನ ಅವಸರದಲ್ಲಿ ಅವನು ಅದರ ಮೇಲಿನ ಬಣ್ಣದ ಹೂಗಳನ್ನಷ್ಟೇ ನೋಡಿದ್ದ.

"ಬಿಂದೂ, ಇದಕ್ಕೇನೇ ಬಳಿದಿದ್ದೀಯ?"

"ವಾರ್ನಿಷ್ ಕಣೋ. ಅಜ್ಜಿ ಕಣ್ಣಿಗೆ ಚೆನ್ನಾಗ್ ಕಾಣ್ಲಿ ಅಂತ," ಎಂದಳು ತಂಗಿ.

"ಮಡಕೆ ಬೆವರಿದ್ರೆ ತಾನೇ ನೀರು ತಣ್ಣಗಾಗೋದು! ಅದರ ಉಸಿರೇ ಕಟ್ಟಿಸ್ಬಿಟ್ಯಲ್ಲೇ, ಮಂಗಾ!"

ಬಿಂದು ಬಿಕ್ಕಿದಳು. ಬೈಯಬೇಕಾದದ್ದು ಇವಳನ್ನೋ, ಆ ಮಾಲೀಕನನ್ನೋ, ಅವನಿಗೆ ತಿಳಿಯಲಿಲ್ಲ. ಅದೇ ನೀರನ್ನು ಅಜ್ಜಿಯ ಬಾಯಿಗೆ ಹಿಡಿದ.

ಒಂದು ಗುಟುಕು ಬಾಯಿಗೆ ತೆಗೆದುಕೊಂಡ ಅಜ್ಜಿ ಅದನ್ನು ಉಗಿದಳು. "ಟ್ಯಾಂಕರ್ ನೀರು ಕುಡಿಸ್ತೀಯೇನೋ, ಮುಂಡೇದೆ?"

"ಬಾವೀದೇ ಕಣಜ್ಜೀ, ನಿನ್ನಾಣೆ."

ಅಜ್ಜಿ ನಂಬಲಿಲ್ಲ. ತುಟಿ ಬಿಗಿದು ಗೋಡೆಗೆ ಮುಖ ತಿರುಗಿಸಿದಳು. ಆಮೇಲೆ ಎಷ್ಟು ಕರೆದರೂ ಬಾಯಿ ತೆರೆಯಲಿಲ್ಲ.