ಮಾಲೀಕರ ತೋಳು

"ತೋಳೆತ್ತೇ, ಮುಂಡೇದೆ. ನಿನ್ನ ತೋಳು ಮುಟ್ಟೋಕೆ ನಂಗೇನು ಆಸೆ ಅಂದ್ಕೊಂಡ್ಯಾ?"

ಆರೋಗ್ಯ ಇಲಾಖೆಯ ಸಾಹೇಬ ಇಸ್ತ್ರಿ ಅಜ್ಜಿಯ ಅಂಗಿಯ ತೋಳನ್ನು ಪೆನ್ನಿನ ತುದಿಯಿಂದ ಮೇಲಕ್ಕೆ ತಳ್ಳಿದ. ತಳ್ಳಿದ ಮೇಲೆ ಆ ಪೆನ್ನನ್ನು ಕರವಸ್ತ್ರದಲ್ಲಿ ಒರೆಸಿಕೊಂಡ. ಬೆಳಗಿನಿಂದ ಸಂಜೆವರೆಗೆ ನಮ್ಮ ಕೈ ಸೋಪಿನ ನೀರಿನಲ್ಲೇ ನೆನೆದಿರುತ್ತದೆ. ಈ ಊರಿನಲ್ಲಿ ನಮ್ಮಷ್ಟು ಶುಭ್ರವಾದ ಕೈ ಇನ್ಯಾರಿಗೂ ಇರಲಿಕ್ಕಿಲ್ಲ. ಆದರೆ ಅದು ಸಾಹೇಬನ ತಲೆಗೆ ಇಳಿಯುವ ಮಾತಲ್ಲ.

"ಸಾಮಿ, ದಡಾರ ನಂಗೆ ಚಿಕ್ಕೋಳಿದ್ದಾಗ್ಲೇ ಬಂದು ಹೋಗಿದೆ," ಎಂದಳು ಅಜ್ಜಿ.

"ನಿನ್ನ ಪುರಾಣ ಯಾರು ಕೇಳಿದ್ರು? ಕಾನೂನು ಅಂದ್ರೆ ಕಾನೂನು. ಸೂಜಿ ಇಲ್ದಿದ್ರೆ ಕೆಲಸ ಇಲ್ಲ."

ಊರಲ್ಲಿ ದಡಾರ ಎದ್ದಿತ್ತು. ಸೂಜಿ ಹಾಕಿಸಿಕೊಳ್ಳದವರನ್ನು ಕೆಲಸಕ್ಕೆ ಬಿಡಬಾರದು, ಹಾಕಿಸಿಕೊಳ್ಳದ ಮಕ್ಕಳನ್ನು ಶಾಲೆಗೆ ಸೇರಿಸಬಾರದು ಎಂದು ಸರ್ಕಾರ ಹುಕುಂ ಹೊರಡಿಸಿತ್ತು. ನಮ್ಮದು ಬಟ್ಟೆ ಒಗೆಯುವ ಕಾರ್ಖಾನೆ. ದೊಡ್ಡ ಹೋಟೆಲುಗಳ, ಆಸ್ಪತ್ರೆಯ ಹಾಸುಬಟ್ಟೆಗಳೆಲ್ಲ ಇಲ್ಲಿಗೇ ಬರುತ್ತವೆ. ಒಗೆದದ್ದನ್ನು ಇಬ್ಬಿಬ್ಬರು ಹೆಂಗಸರು ಎರಡು ತುದಿ ಹಿಡಿದು ಹಿಂಡಬೇಕು. ಹಿಂಡುವ ಯಂತ್ರ ಒಂದಿದೆ, ಕೆಟ್ಟು ವರ್ಷಗಳಾದವು. ನಮ್ಮ ತೋಳುಗಳು ಕೆಡದೆ ಇರುವುದರಿಂದ ಮಾಲೀಕ ಅದನ್ನು ರಿಪೇರಿ ಮಾಡಿಸುವ ಗೋಜಿಗೆ ಹೋಗಿಲ್ಲ.

ಸೂಜಿ ಹಾಕಲು ಬಂದಿದ್ದ ನರ್ಸಮ್ಮನಿಗೆ ನಾವು ಸೂಜಿಯಮ್ಮ ಎಂದು ಹೆಸರಿಟ್ಟೆವು. ಸೊರಗಿದ ಮುಖದ, ಹರಿದ ಚಪ್ಪಲಿಯ ಹೆಂಗಸು. ಸಾಹೇಬ ಅವಳನ್ನೂ "ಏಯ್" ಎಂದೇ ಕರೆಯುತ್ತಿದ್ದ. ಹಾಕಿಸಿಕೊಂಡವರ ತೋಳಿಗೆ ಒಂದು ಗಳಿಗೆ ಬಿಡುವು ಕೊಡಬೇಕು ಎಂದು ಅವಳು ಮೆಲ್ಲಗೆ ಹೇಳಿದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಾಲೀಕ, "ಕೈ ಆಡಿಸ್ತಾ ಇದ್ರೇನೇ ಔಷಧಿ ಬೇಗ ಮೈಗೆ ಹಿಡಿಯೋದು," ಎಂದು ತನ್ನ ವೈದ್ಯಶಾಸ್ತ್ರ ತೆಗೆದ. ನಾವು ಊದಿದ ತೋಳಿನಲ್ಲೇ ಹಿಂಡಲು ನಿಂತೆವು.

ಆ ದಿನ ಸರದಿ ಮುರಿದು ಮುಂದೆ ನುಗ್ಗಿದವಳು ಒಬ್ಬಳೇ, ನನ್ನ ನಾದಿನಿ. ನಾನೂ ಅವಳೂ ಹಿಂಡುವ ಜೋಡಿ. ಮದುವೆಯಾಗಿ ಎಷ್ಟೋ ವರ್ಷ ಕಂಡಕಂಡವರಿಂದ ಬಂಜೆ ಅನ್ನಿಸಿಕೊಂಡು, ಕೊನೆಗೂ ಒಂದು ಹೆಣ್ಣುಕೂಸು ಹೆತ್ತಿದ್ದಳು. ಅದಕ್ಕೆ ಇನ್ನೂ ಕತ್ತು ನಿಂತಿರಲಿಲ್ಲ. ಯಾರಾದರೂ ಒಣಗಿದ ಬಟ್ಟೆ ಕೊಡವಿದರೆ ಸಾಕು, ಸೀನುತ್ತಿತ್ತು. ಸೀನಿ, ಆಮೇಲೆ ಇದು ಯಾರ ಕೆಲಸ ಎನ್ನುವ ಹಾಗೆ ನಮ್ಮನ್ನೆಲ್ಲ ನೋಡುತ್ತಿತ್ತು. ಅದನ್ನು ಸೀನಿಸುವುದಕ್ಕೆಂದೇ ನಾವು ಬಟ್ಟೆಯನ್ನು ಬೇಕಾದ್ದಕ್ಕಿಂತ ಜಾಸ್ತಿ ಕೊಡವುತ್ತಿದ್ದೆವು.

"ನನ್ನ ಕೂಸಿಗೂ ಹಾಕಮ್ಮ," ಎಂದಳು ನಾದಿನಿ.

"ತುಂಬಾ ಎಳೇದು ಕಣೇ. ಇಷ್ಟು ಚಿಕ್ಕದಕ್ಕೆ ಹಾಕೋ ಹಾಗಿಲ್ಲ," ಎಂದಳು ಸೂಜಿಯಮ್ಮ. "ಅದರ ಹತ್ರ ಬರೋರೆಲ್ಲ ಹಾಕಿಸ್ಕೊಂಡಿರ್ಬೇಕು. ಅದಕ್ಕೆ ಅದೇ ಕಾವಲು."

ನಾದಿನಿ ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಗೊಣಗುತ್ತಿದ್ದವರನ್ನೆಲ್ಲ ರಟ್ಟೆ ಹಿಡಿದು ಸಾಲಿಗೆ ತಳ್ಳಿದಳು. ಕಡೆಗೆ ಅವಳ ಕಣ್ಣು ಮಾಲೀಕನ ಮೇಲೆ ಬಿತ್ತು. ಅವಳಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ಕೇಳಿದಳು. "ಧಣಿ, ನಿಮ್ದಾಯ್ತಾ?"

ಮಾಲೀಕ ಸಾಹೇಬನ ಮುಖ ನೋಡಿ ನಕ್ಕ. "ನನ್ನ ಮೈಯೊಳಗೆ ಏನು ಹೋಗ್ಬೇಕು ಅಂತ ಸರ್ಕಾರ ಹೇಳೋ ಹಾಗಿಲ್ಲಮ್ಮ. ನನ್ನ ಮೈ, ನನ್ನ ಮಕ್ಕಳ ಮೈ, ನನ್ನಿಷ್ಟ. ನನ್ನ ಮನಸ್ಸಾಕ್ಷಿ ಒಪ್ಪಲ್ಲ."

ಹಾಗೆ ಮನಸ್ಸಾಕ್ಷಿ ಒಪ್ಪದವರನ್ನು ಬಿಟ್ಟುಬಿಡಲು ಕಾನೂನಿನಲ್ಲಿ ಒಂದು ಕಿಂಡಿ ಇಟ್ಟಿದ್ದರಂತೆ. ಸಾಹೇಬನ ಎದುರಿಗೆ ಹೇಳಿದರೆ ಸಾಕಂತೆ.

"ಹಂಗಾದ್ರೆ ನನ್ನ ಮನಸ್ಸಾಕ್ಷೀನೂ ಒಪ್ಪಲ್ಲ ಅಂತ ಬರ್ಕೊಳ್ಳಿ ಸಾಮಿ," ಎಂದಳು ಇಸ್ತ್ರಿ ಅಜ್ಜಿ, ಸೂಜಿ ಚುಚ್ಚಿದ ಜಾಗ ತಿಕ್ಕಿಕೊಳ್ಳುತ್ತ.

"ಅದಕ್ಕೆಲ್ಲ ಓದು ಬರಹ ಬೇಕಜ್ಜಿ," ಎಂದ ಸಾಹೇಬ. ಮಾಲೀಕ ಹೊಟ್ಟೆ ಹಿಡಿದುಕೊಂಡು ನಕ್ಕ. ಧಣಿಗೆ ನಗು ಬಂದ ಮೇಲೆ ಬರದೆ ಇದ್ದೀತೇ, ನಮ್ಮಲ್ಲೂ ಕೆಲವರು ಹಲ್ಲು ಕಿರಿದರು.

ಶಾಲೆಯವರಿಗೆ ಮಾತ್ರ ಮಾಲೀಕನ ಮನಸ್ಸಾಕ್ಷಿ ಅಷ್ಟಾಗಿ ಹಿಡಿಸಲಿಲ್ಲ. ಸೂಜಿ ಆಗದ ಮಗಳನ್ನು ಅವರು ಮನೆಗೆ ಕಳಿಸಿದರು. ಮನೆಯಲ್ಲಿ ಅವಳ ಕಾಟ ತಡೆಯಲಾರದೆ ಹೆಂಡತಿ ರೇಗಿದಳು. ಮಾಲೀಕ ಮಗಳನ್ನು ಕಾರ್ಖಾನೆಗೆ ಕರೆದುಕೊಂಡು ಬಂದ.

ಬಾಯ್ಲರಿನ ಗೋಡೆಗೆ ಅಂಟಿಕೊಂಡು ಒಂದು ಕೋಣೆ ಇದೆ. ಇಸ್ತ್ರಿ ಆದ ಹಾಸುಬಟ್ಟೆಗಳನ್ನು ಮಡಿಸಿ ಅಲ್ಲಿ ಒಟ್ಟುತ್ತೇವೆ. ಹೊರಗೆ ಎಂಥ ಚಳಿ ಇದ್ದರೂ ಅಲ್ಲಿ ಬೆಚ್ಚಗೆ. ಮೊಲೆ ಕುಡಿಯುವ ಕೂಸುಗಳಿರುವ ಹೆಂಗಸರು ಬಟ್ಟೆ ಬುಟ್ಟಿಯಲ್ಲಿ ಕೂಸನ್ನು ಮಲಗಿಸಿ ಅಲ್ಲಿ ಬಿಡುತ್ತಾರೆ. ನಾನು ನನ್ನ ಇಬ್ಬರನ್ನೂ ಅಲ್ಲೇ ಬೆಳೆಸಿದ್ದು. ಯಾವ ಮಗು ನಡುಗಿದರೂ, ಕೆಮ್ಮಿದರೂ ನಮಗೆ ಗೊತ್ತಿರುವ ಔಷಧಿ ಒಂದೇ. ಇಸ್ತ್ರಿಯಿಂದ ಇಳಿದ ಬಿಸಿ ಬಟ್ಟೆಯಲ್ಲಿ ಸುತ್ತಿ, ಇನ್ನೊಂದು ಮಗುವಿನ ಪಕ್ಕಕ್ಕೆ ಒತ್ತಿ ಮಲಗಿಸುವುದು. ಒಂದರ ಕಾವು ಇನ್ನೊಂದಕ್ಕೆ ಆಗುತ್ತದೆ ಎನ್ನುವುದು ನಮ್ಮ ಲೆಕ್ಕ.

"ಇವಳನ್ನ ಇಲ್ಲಿ ಆಡಿಸ್ಕೊಂಡಿರಿ. ನನಗೆ ಕೆಲಸ ಇದೆ," ಎಂದು ಮಾಲೀಕ ಮಗಳನ್ನು ಆ ಕೋಣೆಗೆ ಬಿಟ್ಟು ಹೋದ.

ಹುಡುಗಿಯ ಕಣ್ಣು ಕೆಂಪಗಿತ್ತು, ಮೂಗು ಸುರಿಯುತ್ತಿತ್ತು, ಮೈ ಬಿಸಿಯಾಗಿತ್ತು. ನೆಗಡಿ ಅಂದುಕೊಂಡೆವು. ದಡಾರದ ಗುಳ್ಳೆ ಏಳುವ ಮೊದಲು ಮಗು ಹೀಗೇ ಇರುತ್ತದೆ ಎಂದು ನಮಗೆ ಹೇಳಿದವರು ಯಾರು? ನಾದಿನಿ ಕೆಲಸ ಬಿಟ್ಟು ಬಂದು ಅವಳ ಮೂಗು ಒರೆಸಿ, "ಅಯ್ಯೋ ನನ್ ಪುಟ್ಟಿ, ನಡುಗ್ತಾ ಇದ್ದೀಯಲ್ಲೇ," ಎಂದು ಬಿಸಿ ಬಟ್ಟೆ ಸುತ್ತಿ, ತನ್ನ ಕೂಸಿನ ಬುಟ್ಟಿಯ ಪಕ್ಕದಲ್ಲೇ ಮಲಗಿಸಿದಳು. ಹುಡುಗಿ ಬುಟ್ಟಿಯೊಳಗೆ ಕೈ ಹಾಕಿ ಕೂಸಿನ ಬೆರಳು ಹಿಡಿದುಕೊಂಡಳು. ಸಂಜೆವರೆಗೂ ಹಾಗೇ ಇದ್ದಳು. ಒಳ್ಳೆಯ ಹುಡುಗಿ. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಮಾರನೆಯ ದಿನದಿಂದ ಅವಳು ಬರಲಿಲ್ಲ. ಯಾಕೆ ಎಂದು ಕೇಳಿದರೆ ಮಾಲೀಕ, "ಊರಿಗೆ ಹೋಗಿದ್ದಾಳೆ," ಎಂದ. ಮುಖದ ಒಂದು ಗೆರೆಯೂ ಅಲುಗಲಿಲ್ಲ.

ಕೆಲವು ದಿನ ಕಳೆದು ಕೂಸು ಸುಡತೊಡಗಿತು. ಕಣ್ಣು ಕೆಂಪಾಯಿತು. ಗುಳ್ಳೆ ಎದ್ದವು. ನಾದಿನಿ ಆಸ್ಪತ್ರೆಗೆ ಓಡಿದಳು, ಅವಳ ಹಿಂದೆ ನಾನೂ ಓಡಿದೆ. ಅಲ್ಲಿ ಸೂಜಿಯಮ್ಮ ಇದ್ದಳು. ಕೂಸನ್ನು ನೋಡಿದ ಕೂಡಲೇ ಅವಳು ಬಟ್ಟೆ ಸರಿಸಿ ಗುಳ್ಳೆಗಳನ್ನು ನೋಡಿದಳು.

"ಯಾರ ಹತ್ರ ಬಿಟ್ಟಿದ್ದೆ?" ಎಂದಳು.

"ಯಾರ ಹತ್ರಾನೂ ಇಲ್ಲ. ನಾವೆಲ್ಲ ಹಾಕಿಸ್ಕೊಂಡಿದ್ದೀವಲ್ಲ," ಎಂದಳು ನಾದಿನಿ. ಆಮೇಲೆ, "ಧಣಿ ಮಗಳು ಒಂದಿನ ಪಕ್ಕದಲ್ಲಿ ಮಲಗಿದ್ಲು," ಎಂದಳು.

ಸೂಜಿಯಮ್ಮ ಗೋಡೆಗೆ ಒರಗಿ ನಿಂತಳು. "ಆ ಮನೆಗೆ ಹೋಗಿದ್ದೆ ಕಣೇ, ಡಾಕ್ಟ್ರು ಕರ್ಕೊಂಡು ಹೋಗಿದ್ರು. ಹಿಂಬಾಗಿಲಿಂದ. ಯಾರಿಗೂ ಬಾಯಿ ಬಿಡ್ಬೇಡ ಅಂದ್ರು. ಆ ಹುಡುಗಿ ಈಗ ಆರಾಮಾಗಿದ್ದಾಳೆ."

ಕೂಸು ಆರಾಮಾಗಲಿಲ್ಲ. ಉಸಿರಿಗೆ ಒದ್ದಾಡಿ ಒದ್ದಾಡಿ ಸತ್ತುಹೋಯಿತು. ಇದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ, ಬರುವುದೂ ಬೇಡ. ಅದು ಮಲಗಿದ್ದ ಮಂಚದ ಹಾಸುಬಟ್ಟೆ ನಾವೇ ಹಿಂಡಿದ್ದು. ನಾದಿನಿ ಅದರ ಅಂಚು ಮುಟ್ಟಿ ನೋಡಿದಳು, ಅಳಲಿಲ್ಲ. ನನಗೆ ಮಾತ್ರ ಮಾಲೀಕನ ಗಂಟಲು ಹಿಸುಕಬೇಕು ಅನ್ನಿಸಿತು. ಅದು ಈಗಲೂ ಅನ್ನಿಸುತ್ತದೆ.

ದಡಾರದಿಂದ ಸಾವು ಆದರೆ ವಿಚಾರಣೆ ಆಗಬೇಕಂತೆ. ಸಾಹೇಬ ಮತ್ತೆ ಬಂದ. ಹಿಂದೆ ಸೂಜಿಯಮ್ಮ, ಕೈಯಲ್ಲಿ ಔಷಧಿ ಪೆಟ್ಟಿಗೆ. ನಾದಿನಿ ಕೆಲಸಕ್ಕೆ ಬಂದಿದ್ದಳು. ಬರದೆ ಏನು ಮಾಡಬೇಕಿತ್ತು? ಎದೆ ಕಟ್ಟಿ ಹಾಲು ಸೋರುತ್ತಿತ್ತು, ಬಟ್ಟೆ ಸುತ್ತಿಕೊಂಡು ನನ್ನ ಎದುರು ಹಿಂಡುತ್ತಿದ್ದಳು.

"ಎಳೆಗೂಸನ್ನ ಕಾರ್ಖಾನೆಗೆ ತಂದಿದ್ದು ಯಾರು?" ಎಂದು ಸಾಹೇಬ ಕೇಳಿದ.

"ನಾನು," ಎಂದಳು ನಾದಿನಿ.

"ನಾಚಿಕೆ ಆಗಲ್ವೇನೇ? ಕೆಲಸದ ಜಾಗಕ್ಕೆ ಕೂಸು ತರೋದು ಅಪರಾಧ. ನಾಯಿಗಳ ಥರ ಹೆರ್ತೀರಾ, ಹೋದಲ್ಲೆಲ್ಲ ಹೊತ್ಕೊಂಡು ತಿರುಗ್ತೀರಾ, ಸತ್ರೆ ಸರ್ಕಾರದ ತಲೆ ಮೇಲೆ ಹಾಕ್ತೀರಾ."

ಮಾಲೀಕ ಮಧ್ಯೆ ಬಂದ. "ಹೋಗ್ಲಿ ಬಿಡಿ ಸಾರ್, ಪಾಪ. ಇವರ ಮನೆಗಳು ನೀವು ನೋಡಿಲ್ಲ. ಆ ಕೊಳೇಲಿ ಏನು ತಾನೆ ಬದುಕುತ್ತೆ? ಕೇಸು ಗೀಸು ಬೇಡ. ನಾನು ಬುದ್ಧಿ ಹೇಳ್ತೀನಿ." ಹಾಗೆಂದು ನಮ್ಮ ಕಡೆ ತಿರುಗಿ, ಅದೇ ಉಸಿರಿನಲ್ಲಿ ಅಂದ. "ಇನ್ನೊಂದು ವಿಷ್ಯ. ಈಗ ನನ್ನ ಚಿಕ್ಕ ಮಗನನ್ನೂ ಶಾಲೆಯಿಂದ ಕಳ್ಸಿದ್ದಾರೆ. ನಾಳೆಯಿಂದ ಅವನು ಇಲ್ಲಿಗೆ ಬರ್ತಾನೆ. ಬೆಚ್ಚಗಿರೋ ಕೋಣೇಲಿ ಒಂದು ಜಾಗ ಮಾಡಿ."

ಆ ಕೋಣೆಯಲ್ಲಿ ಆಗ ಇನ್ನೂ ಎರಡು ಕೂಸುಗಳು ಮಲಗಿದ್ದವು. ಒಂದು ಎಚ್ಚರವಾಗಿ ತನ್ನಷ್ಟಕ್ಕೆ ಏನೋ ಗುಂಯ್‌ಗುಟ್ಟುತ್ತಿತ್ತು.

ನಾದಿನಿ ಬಟ್ಟೆಯ ತುದಿ ಬಿಟ್ಟಳು. ಒದ್ದೆ ಬಟ್ಟೆ ನನ್ನ ಕೈಯಿಂದ ಜೋತು ನೆಲಕ್ಕೆ ಬಿತ್ತು.

"ಅವನಿಗೆ ಸೂಜಿ ಆಗಿದ್ಯಾ?" ಎಂದಳು.

"ನಿಂಗ್ಯಾಕೆ ಅದು?" ಎಂದ ಮಾಲೀಕ.

"ನಿನ್ನ ಮಗಳಿಗೆ ದಡಾರ ಎದ್ದಿತ್ತು. ಊರಿಗೆ ಹೋಗಿದ್ದಾಳೆ ಅಂದೆ."

ನೀವು ಹೋಗಿ ನೀನು ಬಂದಿತ್ತು. ಹಿಂಡುತ್ತಿದ್ದ ಜೋಡಿಗಳೆಲ್ಲ ನಿಂತವು. ಮಾಲೀಕನ ಮುಖ ಕೆಂಪಾಗಿ, ಆಮೇಲೆ ಬಿಳುಪಾಯಿತು. "ಯಾವಳೇ ಹೇಳಿದ್ದು?" ಎಂದ.

"ನಾನು," ಎಂದಳು ಸೂಜಿಯಮ್ಮ.

"ಏಯ್, ನಿನ್ನ ಕೆಲಸ ಇವತ್ತಿಗೆ ಮುಗೀತು ತಿಳ್ಕೋ," ಎಂದ ಸಾಹೇಬ.

ಇಸ್ತ್ರಿ ಅಜ್ಜಿ ಯಾರ ಮುಖವನ್ನೂ ನೋಡದೆ ದೊಡ್ಡ ಬಾಗಿಲ ಹತ್ತಿರ ಹೋದಳು. ಎರಡೂ ಕದ ಎಳೆದು ಅಗುಳಿ ಹಾಕಿದಳು. ಅಗುಳಿಯ ಮುಂದೆ ಬಟ್ಟೆ ತುಂಬಿದ ಗಾಡಿಯನ್ನು ತಳ್ಳಿ, ಅದರ ಮೇಲೆ ಹತ್ತಿ ಕುಳಿತಳು.

"ಬಾಗ್ಲು ತೆಗಿಯೇ ಮುದುಕಿ. ಪೊಲೀಸ್ ಕರೆಸ್ತೀನಿ," ಎಂದ ಮಾಲೀಕ.

"ಕರ್ಸು. ಒಳಗೆ ಬರೋರು ಸೂಜಿ ಹಾಕಿಸ್ಕೊಂಡಿದ್ರೆ ಬಿಡ್ತೀನಿ," ಎಂದಳು ಅಜ್ಜಿ. "ಸೂಜಿಯಮ್ಮಾ, ಇಷ್ಟು ಜನದಲ್ಲಿ ಹಾಕಿಸ್ಕೊಳ್ದೆ ಇರೋ ಬೋಳಿಮಕ್ಕಳು ಎಷ್ಟು ಜನ ಇದ್ದಾರೆ?"

ಸೂಜಿಯಮ್ಮ ಎಲ್ಲರ ಮೇಲೂ ಕಣ್ಣಾಡಿಸಿ, "ಇಬ್ರು," ಎಂದಳು.

ನಾವೆಲ್ಲ ಸಾಹೇಬನ ಕಡೆ ತಿರುಗಿದೆವು. ಅವನು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ. "ನಾನು ಅಧಿಕಾರಿ. ನಮಗೆಲ್ಲ ಅದು ಅನ್ವಯ ಆಗಲ್ಲ," ಎಂದ. ಊರಿನ ಅರ್ಧ ತೋಳುಗಳನ್ನು ಚುಚ್ಚಿಸಿ ಬಂದವನ ತೋಳು ಮಾತ್ರ ಹುಟ್ಟಿದಾಗಿನ ಹಾಗೇ ಇತ್ತು. ನಮ್ಮಲ್ಲಿ ಯಾರೋ ಥೂ ಎಂದು ಉಗಿದರು.

ನಾದಿನಿ ಸೋಪಿನ ತೊಟ್ಟಿಯ ಹತ್ತಿರದ ಮೋಟು ಸ್ಟೂಲನ್ನು ಕಾಲಿನಲ್ಲಿ ನೂಕಿ ಕಾರ್ಖಾನೆಯ ನಡುವಿಗೆ ತಂದಳು.

"ಕೂತ್ಕೋ," ಎಂದಳು.

"ನನ್ನ ಮೈ ಮುಟ್ಟಿದ್ರೆ ಜೈಲಲ್ಲಿ ಕೊಳೀತೀಯ," ಎಂದ ಮಾಲೀಕ. ದನಿ ಮಾತ್ರ ಎಲ್ಲೋ ಕೆಳಗೆ ಇಳಿದಿತ್ತು. "ಇದು ನನ್ನ ಹಕ್ಕು. ನನ್ನ ಮೈ ನಂದು."

"ನಿಂದೇ ಕಣೋ, ಯಾರು ಬೇಡ ಅಂದ್ರು? ಮನೇಲಿಟ್ಕೊಂಡು ಪೂಜೆ ಮಾಡ್ಕೋ. ಈ ಬಾಗ್ಲು ದಾಟ್ಸಿ ನನ್ನ ಕೂಸಿನ ಹತ್ರ ತಂದ್ಯಲ್ಲ, ಅಲ್ಲಿಂದಾಚೆಗೆ ಅದು ನಿನ್ನೊಬ್ಬಂದಲ್ಲ."

ಅವನು ಬಾಗಿಲ ಕಡೆ ನುಗ್ಗಿದ. ದಿನವೆಲ್ಲ ಒದ್ದೆ ಹಾಸುಬಟ್ಟೆ ಹಿಂಡುವ ಹೆಂಗಸರ ಹಿಡಿತ ಎಂಥದ್ದು ಎಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾನು ಒಂದು ರಟ್ಟೆ ಹಿಡಿದೆ, ಇನ್ನೊಬ್ಬಳು ಇನ್ನೊಂದು. ಒದೆಯಲು ನೋಡಿದ, ಬೈದ, ನಮ್ಮ ತಾಯಂದಿರನ್ನೆಲ್ಲ ಬೀದಿಗೆ ಎಳೆದ. ಸ್ಟೂಲಿನ ಮೇಲೆ ಕೂರಿಸಿದೆವು. ಅಂಗಿಯ ತೋಳು ಏರಿಸಿದರೆ ಮೃದುವಾದ, ಬಿಳಿಚಿದ, ಗಾಯ ಕಲೆ ಏನೂ ಇಲ್ಲದ ತೋಳು. ಅದು ನಡುಗುತ್ತಿತ್ತು. ಇಷ್ಟಕ್ಕೇನಾ ಎಂದು ನನಗೆ ಹೇಸಿಗೆಯಾಯಿತು.

ಸಾಹೇಬ ಗೋಡೆಗೆ ಬೆನ್ನು ಹಚ್ಚಿ, "ಏಯ್, ಹಾಕ್ಬೇಡ. ನಾನು ಹೇಳ್ತಾ ಇದ್ದೀನಿ, ಹಾಕ್ಬೇಡ. ಬಲವಂತವಾಗಿ ಹಾಕೋದು ಕಾನೂನಿಗೆ ವಿರುದ್ಧ," ಎಂದು ಸೂಜಿಯಮ್ಮನ ಮೇಲೆ ಕೂಗಾಡಿದ.

ಸೂಜಿಯಮ್ಮ ಪೆಟ್ಟಿಗೆಯನ್ನು ಇಸ್ತ್ರಿ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಸೀಸೆಗೆ ಸೂಜಿ ಚುಚ್ಚಿ ಔಷಧಿ ಎಳೆದಳು. ಇನ್ನೊಂದು ಸೂಜಿ ತೆಗೆದು ಅದಕ್ಕೂ ಎಳೆದು ಪಕ್ಕದಲ್ಲಿಟ್ಟಳು.

"ಸಾಹೇಬರನ್ನೂ ಕರ್ಕೊಂಡು ಬನ್ನಿ," ಎಂದಳು.