ಇಲ್ಲದ ಆಡಿಗೆ ತಪ್ಪಲ

ನೇತ್ರಾವತಿಯ ಮನೆಯಲ್ಲಿ ಆಡು ಇರಲಿಲ್ಲ. ಹಿಂದೆಂದೂ ಇದ್ದದ್ದಿಲ್ಲ. ಆದರೂ ಜುಲೈ ಎರಡನೆಯ ವಾರದಿಂದ ಸೆಪ್ಟೆಂಬರ್ ಕೊನೆಯವರೆಗೆ ಕುಕನೂರಿನ ಸಂತೆಯಿಂದ ವಾರಕ್ಕೊಂದು ಕೈಚೀಲದ ತುಂಬ ಬೀಟ್‌ರೂಟ್ ತಪ್ಪಲ ಆ ಆಡಿನ ಹೆಸರಿನಲ್ಲಿ ಅವಳ ಮನೆ ಸೇರಿತ್ತು.

ಗಡ್ಡೆಯ ಮೇಲಿನ ಎಲೆ, ದಂಟು ಸೇರಿ ತಪ್ಪಲ. ಸಂತೆಯಲ್ಲಿ ಬೀಟ್‌ರೂಟಿನ ತಪ್ಪಲವನ್ನು ಯಾರೂ ಕೊಳ್ಳುವುದಿಲ್ಲ. "ಮೊದಲ ತಪ್ಪಲ ಕೀಳ್ರಿ, ಸುಮ್ಮನ ತೂಕ ಬರ್ತೈತಿ" ಎಂದು ಗಿರಾಕಿಗಳೇ ಹೇಳುತ್ತಾರೆ. ಮಾರುವವರು ತಿರುವಿ ಕಿತ್ತು ಬೆನ್ನ ಹಿಂದೆ ಎಸೆಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಹೂಕೋಸಿನ ಎಲೆಯ ಜೊತೆ ಮೊಣಕಾಲೆತ್ತರದ ರಾಶಿ ಬಿದ್ದಿರುತ್ತದೆ. ಅದು ದನಗಳ ಪಾಲು.

ನೇತ್ರಾವತಿ ಅಂಗನವಾಡಿ ಕಾರ್ಯಕರ್ತೆ. ಹದಿನಾಲ್ಕು ವರ್ಷದ ಸೇವೆ. ಜೂನ್‌ನಲ್ಲಿ ಯಲಬುರ್ಗಾದಲ್ಲಿ ಒಂದು ದಿನದ ತರಬೇತಿಗೆ ಹೋಗಿದ್ದಳು. ಬೀಟ್‌ರೂಟಿನಲ್ಲಿ ಕಬ್ಬಿಣದಂಶ ಗಡ್ಡೆಗಿಂತ ಎಲೆಯಲ್ಲಿ ಹೆಚ್ಚು, ಜನ ಅದನ್ನೇ ಬಿಸಾಡುತ್ತಾರೆ ಎಂದು ಅಲ್ಲಿ ಹೇಳಿದರು. ಮಧ್ಯಾಹ್ನ ಅದರದೇ ಪಲ್ಯ ಬಡಿಸಿದರು. ಅವಳಿಗೆ ರುಚಿ ಹಿಡಿಸಿತು. ತಪ್ಪಲ ತಂದು ಮನೆಯಲ್ಲೂ ಮಾಡಬೇಕು ಎಂದುಕೊಂಡಳು. ಅಷ್ಟೇ ಆಗಿದ್ದರೆ ಹೇಳಲು ಏನೂ ಇರುತ್ತಿರಲಿಲ್ಲ.

ತರಕಾರಿ ಮಾರುವ ಮೆಹರುನಬಿ ಸಂತೆಯ ಬೇವಿನಮರದ ಕೆಳಗೆ ಕೂಡುತ್ತಾಳೆ. ವಯಸ್ಸು ಅರವತ್ತರ ಆಸುಪಾಸು. ಜುಲೈಯ ಆ ಸಂತೆಯ ದಿನ ನೇತ್ರಾವತಿ ಅವಳ ಹಿಂದಿನ ರಾಶಿಯತ್ತ ಬೆರಳು ತೋರಿಸಿ, "ಚಾಚಿ, ಆ ತಪ್ಪಲ ತಗೊಳ್ಳಲೇನ್ರಿ?" ಎಂದು ಕೇಳಿದಳು. ಪಕ್ಕದಲ್ಲಿ ಹೈಸ್ಕೂಲ್ ಹೆಡ್‌ಮಾಸ್ಟರರ ಹೆಂಡತಿ ಸುಮಂಗಲಾ ಟೊಮೆಟೊ ಆರಿಸುತ್ತ ನಿಂತಿದ್ದಳು. ಕೈ ನಿಲ್ಲಿಸಿ ನೋಡಿದಳು.

"ಆಡು ಕಟ್ಟೀರೇನ್ರಿ ಟೀಚರ್?" ಎಂದಳು ಮೆಹರುನಬಿ.

ಇಲ್ಲ, ಪಲ್ಯಕ್ಕೆ ಎನ್ನಬೇಕಿತ್ತು. ಸುಮಂಗಲಾ ನೋಡುತ್ತಲೇ ಇದ್ದಳು.

"ಹೂಂ ಚಾಚಿ. ಒಂದೈತಿ."

ಮೆಹರುನಬಿ ಎರಡೂ ಕೈಯಿಂದ ಬಾಚಿ ಚೀಲಕ್ಕೆ ತುಂಬಿದಳು. ಎಲೆಗಳ ಜೊತೆ ಮಣ್ಣು, ಕೊಳೆತ ಕೋಸಿನ ಒಂದು ಪದರವೂ ಬಂತು. "ತಿನ್ಲಿ ತಗೋರಿ, ಮೂಕಪ್ರಾಣಿ" ಎಂದಳು.

ಮನೆಯಲ್ಲಿ ನೇತ್ರಾವತಿ ಅದನ್ನು ಅಂಗಳದಲ್ಲಿ ಸುರಿದು ಆರಿಸಿದಳು. ಅರ್ಧದಷ್ಟು ಒಗೆಯಬೇಕಾಯಿತು. ಉಳಿದದ್ದನ್ನು ತೊಳೆದು, ದಂಟು ಬೇರೆ ಎಲೆ ಬೇರೆ ಸಣ್ಣಗೆ ಹೆಚ್ಚಿದಳು. ಎಣ್ಣೆಗೆ ಸಾಸಿವೆ, ಜಜ್ಜಿದ ಬಳ್ಳೊಳ್ಳಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿದಳು. ದಂಟು ಬೇಯಲು ತಡವಾಗುತ್ತದೆ, ಅದು ಮೊದಲು. ಆಮೇಲೆ ನೆನೆಸಿದ ಒಂದು ಹಿಡಿ ಹೆಸರುಬೇಳೆ, ಎಲೆ, ಉಪ್ಪು. ಬೇರೆ ನೀರು ಬೇಡ, ಎಲೆಯೇ ಬಿಡುತ್ತದೆ. ಮುಚ್ಚಿ ಹತ್ತು ನಿಮಿಷ, ಇಳಿಸುವ ಮುಂಚೆ ಎರಡು ಚಮಚ ಶೇಂಗಾಪುಡಿ. ರೊಟ್ಟಿಯ ಅಂಚು ಕೆಂಪಾಗುವುದನ್ನು ನೋಡಿ ಗಂಡ ಪಂಪಾಪತಿ ಇನ್ನೊಮ್ಮೆ ಹಾಕಿಸಿಕೊಂಡ. ಅತ್ತೆ ಹೊಳಿಯಮ್ಮನಿಗೆ ಎಪ್ಪತ್ತೆರಡು. ಮುಂದಿನ ಹಲ್ಲಿಲ್ಲ. ಅವಳೂ ಬಟ್ಟಲು ಚಾಚಿದಳು.

"ಛಲೋ ಆಗೇತಿ. ಎಷ್ಟು ಕೊಟ್ಟಿ?"

"ಪುಕ್ಕಟ ಕೊಟ್ಲು. ಆಡಿಗೆ ಅಂತ ಹೇಳೀನಿ."

"ಯಾವ ಆಡು?" ಎಂದ ಪಂಪಾಪತಿ.

ಹೊಳಿಯಮ್ಮ ಮೂವರ ಬಟ್ಟಲನ್ನೂ ನೋಡಿ, "ಮೂರು ಅದಾವ ಬಿಡು" ಎಂದಳು.

ಅವತ್ತು ನಗೆಯಲ್ಲಿ ಹೋಯಿತು. ಮುಂದಿನ ಸಂತೆಗೆ ಸುಮಂಗಲಾ ಇರಲಿಲ್ಲ, ನಿಜ ಹೇಳಲು ಅಡ್ಡಿ ಇರಲಿಲ್ಲ. ಆದರೆ ನೇತ್ರಾವತಿ ಹೋಗಿ ನಿಲ್ಲುವ ಮೊದಲೇ ಮೆಹರುನಬಿ ಚೀಲಕ್ಕೆ ಕೈ ಚಾಚಿ, "ಹೆಂಗೈತ್ರಿ ಆಡು?" ಎಂದಿದ್ದಳು. ಮೂರನೆಯ ವಾರ ಕೊಟ್ಟದ್ದೆಲ್ಲ ಬಲಿತ, ಕಲೆ ಬಿದ್ದ ಎಲೆ. ನೇತ್ರಾವತಿ ಒಂದು ಕ್ಷಣ ಯೋಚಿಸಿ, "ಈದೈತ್ರಿ ಚಾಚಿ. ಬಲ್ತದ್ದು ಒಲ್ಲೆ ಅಂತೈತಿ" ಎಂದಳು. ಮೊದಲನೆಯ ಸುಳ್ಳು ಬಾಯಿತಪ್ಪಿ ಬಂದದ್ದು ಎನ್ನಬಹುದು. ಇದು ಹಾಗಲ್ಲ. ಇದರಿಂದ ಅವಳಿಗೆ ಲಾಭವಿತ್ತು.

"ಅಲ್ಲಾ! ಎಷ್ಟು ಮರಿ?"

"ಎರಡ್ರಿ."

"ಹೆಣ್ಣೋ ಗಂಡೋ?"

"ಒಂದೊಂದ್ರಿ."

ಅಂದಿನಿಂದ ಮೆಹರುನಬಿ ಎಳೆಯ ತಪ್ಪಲವನ್ನು ಬೇರೆ ತೆಗೆದು, ಒದ್ದೆ ಗೋಣಿಚೀಲದ ಕೆಳಗೆ ಬಾಡದಂತೆ ಇಡತೊಡಗಿದಳು. ಬೇರೆಯವರು ಕೇಳಿದರೆ, "ಅದು ಬಾಣಂತಿದು, ಮುಟ್ಟಬ್ಯಾಡ್ರಿ" ಎನ್ನುತ್ತಿದ್ದಳು.

ಸೆಪ್ಟೆಂಬರ್ ಪೋಷಣ ಮಾಸ. ಅಂಗನವಾಡಿಯಲ್ಲಿ ಇಪ್ಪತ್ತೆರಡು ತಾಯಂದಿರ ಮುಂದೆ ನೇತ್ರಾವತಿ ಇದೇ ಪಲ್ಯ ಮಾಡಿ ತೋರಿಸಿದಳು. ಕಬ್ಬಿಣದ ಮಾತ್ರೆ ಬಿಡಬಾರದು, ಅದರ ಜೊತೆಗೆ ಈ ಸೊಪ್ಪೂ ಇರಲಿ ಎಂದು ಸರಿಯಾಗಿಯೇ ವಿವರಿಸಿದಳು. ಒಬ್ಬ ಬಸುರಿ ಕೇಳಿದಳು, "ತಪ್ಪಲ ಎಲ್ಲಿ ಸಿಗತೈತ್ರಿ ಟೀಚರ್?"

"ಸಂತ್ಯಾಗ ಪುಕ್ಕಟ ಕೊಡ್ತಾರ. ಕೇಳ್ರಿ. ಉಣ್ಣಾಕ ಅಂತ ಕೇಳಾಕ ನಾಚಿಕಿ ಯಾಕ?"

ಹೇಳಿ ಮುಗಿಸಿದ ಮೇಲೆ ಬಾಣಲೆಯತ್ತ ತಿರುಗಿದಳು. ಅಷ್ಟು ಹೊತ್ತು ಎದುರಿಗೆ ನಿಂತು ಮಾತಾಡಿದವಳು ಉಳಿದದ್ದನ್ನೆಲ್ಲ ಬಾಣಲೆಯನ್ನೇ ನೋಡುತ್ತ ಹೇಳಿದಳು.

ಸೆಪ್ಟೆಂಬರ್ ಕೊನೆಯ ಸಂತೆಯಾದ ಮೂರು ದಿನಕ್ಕೆ, ಬೆಳಿಗ್ಗೆ ಎಂಟು ಗಂಟೆಯ ಸುಮಾರಿಗೆ ಮೆಹರುನಬಿ ಅವಳ ಮನೆಯ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಮುಚ್ಚಳದ ಸ್ಟೀಲ್ ಡಬ್ಬಿ. ಒಲೆಯ ಮೇಲೆ ಅವಳೇ ಕೊಟ್ಟ ತಪ್ಪಲ ಬೇಯುತ್ತಿತ್ತು.

"ಊರೆಲ್ಲ ಕೇಳಿದೆ ನೋಡ್ರಿ, ಆಡಿನ ಟೀಚರ್ ಮನಿ ಯಾವುದು ಅಂತ. ಒಬ್ಬರಿಗೂ ಗೊತ್ತಿಲ್ಲ! ಅಂಗನವಾಡಿ ಟೀಚರ್ ಅಂದ ಮ್ಯಾಲೆ ದಾರಿ ತೋರಿಸಿದ್ರು" ಎಂದು ನಕ್ಕಳು. ನಗು ಅಲ್ಲಿಗೇ ನಿಂತಿತು. "ನಮ್ಮ ನಿಶಾತಗ ಡೆಂಗಿ ಜ್ವರ ಬಂದೈತ್ರಿ. ಕೊಪ್ಪಳದಾಗ ಅಡ್ಮಿಟ್ ಮಾಡೇವಿ. ನನ್ನ ಮೊಮ್ಮಗಳು, ಎಂಟು ವರ್ಸದಾಕಿ."

"ಡಾಕ್ಟ್ರು ಏನಂತಾರ್ರಿ?"

"ಅಂಜಬ್ಯಾಡ್ರಿ, ಇಳಿಯಾಕತ್ತೈತಿ ಅಂತಾರ. ಆದ್ರ ಬಾಜೂ ಕಾಟಿನವರು ಅಂದ್ರು, ಆಡಿನ ಹಾಲು ಕುಡಿಸ್ರಿ, ರಕ್ತ ಲಗೂನ ಏರತೈತಿ ಅಂತ. ನನ್ನ ತಪ್ಪಲ ತಿಂದ ಆಡು ಇರೋವಾಗ ಬ್ಯಾರೆಯವರನ್ನ ಯಾಕ ಕೇಳಲಿ ಅಂದ್ಕೊಂಡು ಬಂದೆ. ಮರಿಗೆ ಬಿಟ್ಟು ಉಳಿದದ್ದು ಕೊಡ್ರಿ ಸಾಕು."

ಆಡಿನ ಹಾಲಿನಿಂದ ಡೆಂಗಿ ವಾಸಿಯಾಗುತ್ತದೆ ಎನ್ನಲು ಆಧಾರವಿಲ್ಲ ಎಂಬುದು ನೇತ್ರಾವತಿಗೆ ಗೊತ್ತಿತ್ತು. ಅದನ್ನು ಹೇಳಿ ಕಳಿಸಿಬಿಡಬಹುದು ಎಂಬ ಯೋಚನೆಯೂ ಬಂತು. ಮಾತು ನಿಜವೇ, ಆದರೆ ಹೇಳುವ ಕಾರಣ ಬೇರೆ. ಆಗಲೇ ಮೆಹರುನಬಿ ಅಂಗಳದ ಮೂಲೆ, ಹಿತ್ತಿಲ ಬಾಗಿಲು ನೋಡುತ್ತ, "ಎಲ್ಲಿ ಕಟ್ಟೀರಿ?" ಎಂದಳು.

"ಮಾರಿಬಿಟ್ಟೀವಿ ಚಾಚಿ." ಬಾಯಿಗೆ ಬಂದದ್ದು ಅದು. "ಮೊನ್ನೆ."

"ಮರೀನೂ?"

"ಎಲ್ಲಾ."

"ಯಾರಿಗ್ರಿ?"

"ಬನ್ನಿಕೊಪ್ಪದವರಿಗೆ."

"ಬನ್ನಿಕೊಪ್ಪದಾಗ ಯಾರು?"

"ಮಾಂತೇಶ ಅಂತ." ಆ ಹೆಸರಿನವರು ಅಲ್ಲಿ ಯಾರಾದರೂ ಇದ್ದಾರೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.

ಮೆಹರುನಬಿ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ಹಂಗಾರ ಅಲ್ಲಿಗೇ ಹೋಗತೀನಿ ತಗೋರಿ. ಬಸ್ ಐತಿ ಈಗ" ಎಂದು ಮೆಟ್ಟಿಲಿಳಿದು ನಡೆದಳು. ಒಂದು ಕಾಲು ಎಳೆದು ನಡೆಯುತ್ತಾಳೆ ಎಂಬುದನ್ನು ನೇತ್ರಾವತಿ ನೋಡಿದ್ದು ಅಂದೇ. ಸಂತೆಯಲ್ಲಿ ಅವಳು ಯಾವಾಗಲೂ ಕೂತೇ ಇರುತ್ತಿದ್ದಳು.

ನೇತ್ರಾವತಿ ಒಲೆ ಆರಿಸಿದಳು. ಮುಚ್ಚಳ ತೆಗೆದಳು, ಮತ್ತೆ ಮುಚ್ಚಿದಳು. ಕಟ್ಟೆಯ ಮೇಲೆ ಕೂತಿದ್ದ ಹೊಳಿಯಮ್ಮ ಎಲ್ಲ ಕೇಳಿದ್ದಳು.

"ಆ ಮುದುಕಿ ಬನ್ನಿಕೊಪ್ಪದಾಗ ಮನಿಮನಿ ತಿರುಗತಾಳಲ್ಲ, ನಿನ್ನ ಮಾಂತೇಶನ್ನ ಹುಡುಕ್ಕೊಂತ."

"ಗೊತ್ತು ಅತ್ತಿ."

"ಗೊತ್ತಿದ್ದೂ ನಿಂತಿಯೇನ?"

ನೇತ್ರಾವತಿ ಚಪ್ಪಲಿ ಮೆಟ್ಟಿ ಓಡಿದಳು. ಬಸ್‌ಸ್ಟ್ಯಾಂಡ್ ಏಳು ನಿಮಿಷದ ದಾರಿ. ಬನ್ನಿಕೊಪ್ಪದ ಬಸ್ಸು ಆಗಲೇ ಚಾಲೂ ಆಗಿತ್ತು. ಮೆಹರುನಬಿ ಮುಂದಿನ ಸೀಟಿನಲ್ಲಿ, ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಂಡಕ್ಟರ್ ಅವಳಿಗೆ ಹೆಣ್ಣುಮಕ್ಕಳ ಉಚಿತ ಟಿಕೆಟ್ ಹರಿದು ಕೊಟ್ಟಾಗಿತ್ತು.

"ಇಳೀರಿ ಚಾಚಿ."

"ಯಾಕ್ರಿ? ಹಾಲು ಸಿಕ್ತೇನು?"

"ಇಳೀರಿ, ಹೇಳತೀನಿ."

"ಇಲ್ಲೇ ಹೇಳ್ರಿ. ಸೀಟು ಹೋಗತೈತಿ."

"ಏ ಅಕ್ಕಾರ, ಹತ್ತತೀರೋ ಇಳಿತೀರೋ? ನಡಬರಕ ನಿಂತ್ರ ಹೆಂಗ?" ಎಂದ ಕಂಡಕ್ಟರ್. ಬಸ್ಸಿನ ತುಂಬ ಜನ. ಕೂಲಿಗೆ ಹೊರಟ ಹೆಂಗಸರಲ್ಲಿ ಇಬ್ಬರು ಅವಳ ಅಂಗನವಾಡಿಯ ಮಕ್ಕಳ ತಾಯಂದಿರು.

"ಆಡು ಇಲ್ಲ ಚಾಚಿ. ಮಾರಿಲ್ಲ. ಮೊದಲಿಂದ ಇದ್ದಽ ಇಲ್ಲ. ಮರೀನೂ ಇಲ್ಲ. ತಪ್ಪಲ ನಾವಽ ತಿಂದೀವಿ."

ಮೆಹರುನಬಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಎದ್ದು ಕಂಬಿ ಹಿಡಿದು ಇಳಿದಳು. ಬಸ್ಸು ಹೋಯಿತು.

"ನೀವು ತಿಂದಿರಾ?"

"ಹೂಂ."

"ಮೂರು ತಿಂಗಳು?"

"ಹೂಂ ಚಾಚಿ."

ಬೈಗುಳಕ್ಕೆ ನೇತ್ರಾವತಿ ಸಿದ್ಧಳಾಗಿದ್ದಳು. ಮೆಹರುನಬಿ ಬೈಯಲಿಲ್ಲ. ಅವಳ ಮುಖ ಕುಂದಿತು. "ಮೊದಮೊದಲು ಕೊಳತದ್ದೂ ತುಂಬೀನಲ್ಲ ನಾನು. ದನ ಮೂಸಿದ್ದು, ಕಾಲಾಗ ತುಳದದ್ದು. ಮನುಷ್ಯಾರಿಗೆ ಹಂಗ ಕೊಡತಾರೇನು ಯಾರರ? ಪಲ್ಯಕ್ಕ ಅಂದಿದ್ರ ನಾ ಬ್ಯಾಡ ಅಂತಿದ್ದೆನ? ಮುಂದ ಇಟ್ಟದ್ದರಾಗ ತಾಜಾದ್ದು ಆರಿಸಿ ಕೊಡತಿದ್ದೆ." ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು. "ನನ್ನ ಕೈಲೆ ಹೊಲಸು ತಿನಿಸಿದಿ ನೀನು."

ಇದನ್ನು ನೇತ್ರಾವತಿ ನಿರೀಕ್ಷಿಸಿರಲಿಲ್ಲ. ಮೂರು ತಿಂಗಳಲ್ಲಿ ಅವಳು ತನ್ನ ಮಾನದ ಬಗ್ಗೆ ಮಾತ್ರ ಲೆಕ್ಕ ಹಾಕಿದ್ದಳು.

"ಮರಿ ಅದಾವ, ತೋರಿಸ್ತೀನಿ ಅಂತ ಹುಡುಗಿಗೆ ಬ್ಯಾರೆ ಹೇಳೀನಿ. ಆಸ್ಪತ್ರ್ಯಾಗೂ ಕೇಳಿದ್ಲು" ಎಂದಳು ಮೆಹರುನಬಿ.

"ಹಾಲು ಕೊಡಿಸ್ತೀನಿ ಬರ್ರಿ."

"ಎಲ್ಲಿಂದ? ಮತ್ತೊಂದು ಇಲ್ಲದ ಆಡಿಂದೇನು?"

ಯಾವ ಮನೆಯಲ್ಲಿ ಎಷ್ಟು ಜನ, ಎಷ್ಟು ಮಕ್ಕಳು ಎಂದು ಮನೆಮನೆ ತಿರುಗಿ ಬರೆದುಕೊಳ್ಳುವುದು ನೇತ್ರಾವತಿಯ ಕೆಲಸ. ತನ್ನದೇ ಓಣಿಯ ಕೊನೆಯಲ್ಲಿ ಮಾರೆಪ್ಪನ ಮನೆ ಇದೆ, ನಾಲ್ಕು ಆಡು ಇವೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎಂಟು ಗಂಟೆಗೆ ಬಾಗಿಲಲ್ಲಿ ಡಬ್ಬಿ ಕಂಡಾಗ ಆ ಹೆಸರು ನೆನಪಾಗಲಿಲ್ಲ. ಬನ್ನಿಕೊಪ್ಪ ನೆನಪಾಯಿತು.

ಇಬ್ಬರೂ ಅತ್ತ ನಡೆದರು. ಮೆಹರುನಬಿಯ ಕಾಲಿಗೆ ತಕ್ಕಂತೆ ನೇತ್ರಾವತಿ ನಿಧಾನ ಮಾಡಿದಳು.

ಮಾರೆಪ್ಪ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಮೆಹರುನಬಿಯನ್ನು ನೋಡಿ ಗುರುತು ಹಿಡಿದ. "ಏ ಅಮ್ಮಾ, ಮುಂಜಾನಿ ಇಲ್ಲೇ ನಿಂತು ಟೀಚರ್ ಮನಿ ದಾರಿ ಕೇಳಿದಿ. ಹಾಲು ಬೇಕಂತ ಆವಾಗಽ ಅನ್ನಬಾರದಾ? ಅದಽ ತಾಸಿನಾಗ ಹಿಂಡಾಕತ್ತಿದ್ದೆ."

"ಟೀಚರ್ ಮನ್ಯಾಗ ಐತಿ ಅಂದ್ಕೊಂಡಿದ್ದೆ" ಎಂದಳು ಮೆಹರುನಬಿ.

"ಟೀಚರ್ ಮನ್ಯಾಗ ಆಡಾ?"

ಮೆಹರುನಬಿ ನೇತ್ರಾವತಿಯನ್ನು ನೋಡದೆ ಎದುರಿನ ಗೋಡೆ ನೋಡುತ್ತ ನಿಂತಳು. ನೇತ್ರಾವತಿಯೂ ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುವಂತಿತ್ತು.

"ಇಲ್ರಿ ಮಾರೆಪ್ಪಣ್ಣ. ಆಡು ಐತಿ ಅಂತ ಸುಳ್ಳು ಹೇಳಿ ಇವರ ಹತ್ರ ಬೀಟ್‌ರೂಟ್ ತಪ್ಪಲ ಒಯ್ತಿದ್ದೆ. ಪಲ್ಯ ಮಾಡಾಕ."

ಮಾರೆಪ್ಪ ಬೀಡಿಯನ್ನು ಬಾಯಿಂದ ತೆಗೆದ. "ಹಂಗಾರ ನಮ್ಮ ಆಡಿನ ಪಾಲು ತಿಂದೀರಿ ಅನ್ರಿ" ಎಂದು ನಕ್ಕ. ಬೇರೆ ದಿನವಾದರೆ ಅವಳೂ ನಗುತ್ತಿದ್ದಳು. "ಹಿಂಡಿದ್ದು ಮಾರಿಬಿಟ್ಟೆ, ಉಳಿದದ್ದು ಮರಿಗೆ ಬಿಟ್ಟೀನಲ್ಲ. ನೋಡತೀನಿ ತಡೀರಿ" ಎಂದು ಎದ್ದು ಒಳಗೆ ಹೋದ. ಎರಡು ಆಡುಗಳನ್ನು ಮತ್ತೊಮ್ಮೆ ಹಿಂಡಿ ತಂದದ್ದು ಪಾವು ಲೀಟರ್ ಆಗಲಿಲ್ಲ. ಒಂದು ತಾಸು ಮೊದಲು ಕೇಳಿದ್ದರೆ ಲೀಟರ್ ಕೊಡುತ್ತಿದ್ದೆ ಎಂದ. ಲೀಟರ್ ಡಬ್ಬಿಯ ತಳದಲ್ಲಿ ಹಾಲು ಅಲುಗಾಡುವ ಸದ್ದು ಬಸ್‌ಸ್ಟ್ಯಾಂಡ್‌ವರೆಗೂ ಕೇಳುತ್ತಿತ್ತು.

"ಕುದಿಸಿ ಕೊಡ್ರಿ ಚಾಚಿ. ಹಸೀ ಹಾಲು ಕುಡಿಸಬಾರದು. ಮತ್ತ ಡಾಕ್ಟ್ರ ಔಷಧ ಬಿಡಬ್ಯಾಡ್ರಿ, ಹಾಲಿನಿಂದ ಏರತೈತಿ ಅಂತ ಏನಿಲ್ಲ."

"ಇದು ಖರೇನೋ?"

"ಖರೇರಿ."

ಕೊಪ್ಪಳದ ಬಸ್ಸು ಬಂತು. ನೇತ್ರಾವತಿ ಡಬ್ಬಿ ಹಿಡಿದುಕೊಂಡು ಮೆಹರುನಬಿಯನ್ನು ಹತ್ತಿಸಿ, ಕಿಟಕಿಯಿಂದ ಡಬ್ಬಿ ಕೊಟ್ಟಳು. ಮರಿಗಳನ್ನು ಹುಡುಗಿಗೆ ಮಾರೆಪ್ಪನ ಮನೆಯಲ್ಲಿ ತೋರಿಸಬಹುದು ಎಂದು ಹೇಳಬೇಕೆನಿಸಿತು. ಹೇಳುವ ಧೈರ್ಯ ಬರಲಿಲ್ಲ.

ಬಸ್ಸು ಚಾಲೂ ಆದ ಮೇಲೆ ಮೆಹರುನಬಿ ಕಿಟಕಿಗೆ ಬಾಗಿದಳು. "ತೊಳಿತಿದ್ದಿಯೇನು?"

"ಏನ್ರಿ?"

"ತಪ್ಪಲ. ಛಲೋತಂಗ ತೊಳದು ಮಾಡತಿದ್ದಿಯೇನು?"

ಮೂರು ಸಲ, ಉಪ್ಪುನೀರಿನಲ್ಲಿ ಎನ್ನಲು ನೇತ್ರಾವತಿ ಬಾಯಿ ತೆರೆದಳು. ತಾಯಂದಿರಿಗೆ ಹೇಳಿಕೊಟ್ಟದ್ದು ಹಾಗೆಯೇ.

"ಎರಡು ಸಲರಿ" ಎಂದಳು. "ಒಮ್ಮೊಮ್ಮೆ ಒಂದಽ."

ಮೆಹರುನಬಿ ಕಣ್ಣು ಮುಚ್ಚಿಕೊಂಡು ಸೀಟಿಗೆ ಒರಗಿದಳು. ಬಸ್ಸು ತಿರುವು ದಾಟುವವರೆಗೂ ನೇತ್ರಾವತಿ ಅಲ್ಲೇ ನಿಂತಿದ್ದಳು. ಮೆಹರುನಬಿ ಮತ್ತೆ ಹೊರಗೆ ನೋಡಲಿಲ್ಲ.