ಲೆಮ್‌ನ ‘ಇಲ್ಲ’

ಶವಪೆಟ್ಟಿಗೆ ಹೊತ್ತವರು ಚರ್ಚಿನ ಮೆಟ್ಟಿಲು ಹತ್ತುತ್ತಿದ್ದಾಗಲೇ ಪಕ್ಕದ ಮನೆಯ ಒಫೀಲಿಯಾ ಬಂದು ವರ್ಡೆಲ್‌ಳ ತೋಳು ಹಿಡಿದು ಬದಿಗೆಳೆದಳು.

“ನಿನ್ನ ತಮ್ಮಂಗೆ ನೋವೇ ಇರ್ಲಿಲ್ವಂತೆ ಕಣೇ. ಚರ್ಚಿನ ಕೆಲಸ ನೋಡ್ಕೊಳ್ಳೋ ಹೊಸ ಡೀಕನ್ ಥಾಡಿಯಸ್ ಇದ್ದಾನಲ್ಲ, ಅವನು ಬಾಯಿಬಿಟ್ಟು ಕೇಳಿದ್ನಂತೆ, ಎದೆ ನೋಯ್ತಿದ್ಯಾ ಅಂತ. ಇಲ್ಲ ಅಂದ್ನಂತೆ ಲೆಮ್. ದೇವರು ದೊಡ್ಡವನು.”

ವರ್ಡೆಲ್ ನಿಂತಲ್ಲೇ ನಿಂತಳು. “ಕೇಳಿದ್ನಾ?”

“ಮತ್ತೆ ಮತ್ತೆ ಕೇಳಿದ್ನಂತೆ, ಪಾಪ.”

ಆಮೇಲೆ ಪಾದ್ರಿ ಏನು ಹೇಳಿದರು, ಯಾವ ಹಾಡು ಹಾಡಿದರು, ಒಂದೂ ಅವಳ ಕಿವಿಗೆ ಬೀಳಲಿಲ್ಲ. ಲೆಮ್‌ನ ‘ಇಲ್ಲ’ ಎಲ್ಲಿಂದ ಬಂದದ್ದೆಂದು ಆ ಊರಿನಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

*

ಅಮ್ಮ ತೀರಿಕೊಂಡ ವರ್ಷ ಲೆಮ್‌ಗೆ ಗೋಡೆಯೊಳಗಿಂದ ಯಾರೋ ಮಾತಾಡಿದ ಹಾಗೆ ಕೇಳಿಸತೊಡಗಿತ್ತು. ಒಂದು ಮಧ್ಯಾಹ್ನ ದೂರದ ಪೇಟೆಯ ಅಂಗಡಿಯೊಂದರ ಗಾಜು ಒಡೆದ. ಹಿಡಿದುಕೊಂಡು ಹೋದ ಶೆರಿಫ್, “ಜೈಲಲ್ಲಾದ್ರೆ ಡಾಕ್ಟ್ರು ನೋಡ್ತಾರಮ್ಮ, ಅಲ್ಲಿಂದ ಸರ್ಕಾರಿ ಆಸ್ಪತ್ರೆಗೆ ಕಳಿಸ್ತಾರೆ” ಎಂದ. ಆ ಕೌಂಟಿಯಲ್ಲಿ ಅಂಥ ಕಾಯಿಲೆಗೆ ಬೇರೆ ದಾರಿಯೇ ಇರಲಿಲ್ಲ. ಹಾಗೆಂದೇ ವರ್ಡೆಲ್ ತಮ್ಮನಿಗೆ ಜಾಮೀನು ಕೊಡಿಸಲಿಲ್ಲ.

ಜೈಲಿನೊಳಗೆ ಹೋದ ದಿನವೇ ಅಲ್ಲಿನ ನರ್ಸೊಬ್ಬಳು ಕೇಳಿದಳು: “ಸಾಯ್ಬೇಕು ಅನ್ಸುತ್ತಾ?”

“ಹೂಂ ಮೇಡಂ, ಒಂದೊಂದ್ಸಲ” ಎಂದ ಲೆಮ್.

ಅಷ್ಟಕ್ಕೇ ಅವನ ಬಟ್ಟೆಯೆಲ್ಲ ಬಿಚ್ಚಿಸಿದರು. ಹರಿದು ನೇಣು ಮಾಡಿಕೊಳ್ಳಲಾಗದಂಥ ದಪ್ಪ ನಿಲುವಂಗಿಯೊಂದನ್ನು ತೊಡಿಸಿ, ಹಾಸಿಗೆಯಿಲ್ಲದ, ದೀಪ ಆರಿಸದ ಕೋಣೆಗೆ ತಳ್ಳಿದರು. ದಿನಾ ಬೆಳಿಗ್ಗೆ ಊಟದ ತಟ್ಟೆ ತೂರಿಸುವ ಕಿಂಡಿಯಿಂದ ಅದೇ ಪ್ರಶ್ನೆ. ಆ ಸಾಲಿನ ಕೋಣೆಗಳ ಕೈದಿಗಳೆಲ್ಲ ಕೇಳಿಸಿಕೊಂಡು ನಗುತ್ತಿದ್ದರು. ಕೊನೆಗೆ ಪಕ್ಕದ ಕೋಣೆಯ ಮುದುಕನೊಬ್ಬನಿಗೆ ತಡೆಯಲಾಗಲಿಲ್ಲ. “ಲೋ ಪೆದ್ದೇ, ಏನ್ ಕೇಳಿದ್ರೂ ಇಲ್ಲ ಅನ್ನೋ!” ಎಂದು ಕೂಗಿದ.

ಲೆಮ್ ಇಲ್ಲ ಎಂದ. ಬಟ್ಟೆ ವಾಪಸು ಬಂತು, ಹಾಸಿಗೆ ಬಂತು. ಡಾಕ್ಟರು ಕಿಂಡಿಯಲ್ಲಿ ಇಣುಕಿ, ಈಗಲೂ ದನಿ ಕೇಳಿಸುತ್ತಾ ಎಂದರು. ಇಲ್ಲ. ಗುಣವಾಗಿದೆ ಎಂದು ಅವರು ಹೊರಟುಹೋದರು. ಆಸ್ಪತ್ರೆಯಲ್ಲಿ ಅವನಿಗೆ ಜಾಗ ಸಿಗಲೇ ಇಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ಮನೆಗೆ ಬಿಟ್ಟರು.

ಇಷ್ಟನ್ನೂ ಅವನು ಒಂದೇ ಒಂದು ಸಲ, ಅಕ್ಕನ ಜೊತೆ ಅಲಸಂದೆ ಸುಲಿಯುತ್ತ ಕೂತಿದ್ದಾಗ ಹೇಳಿದ್ದ. ಊರವರಿಗೆ ಮಾತ್ರ ವರ್ಡೆಲ್, ಡೆಟ್ರಾಯಿಟ್‌ನ ಚಿಕ್ಕಪ್ಪನ ಮನೆಗೆ ಹೋಗಿದ್ದ ಎಂದಿದ್ದಳು. ಅವಳಿಗೆ ನಾಚಿಕೆಯಾಗಿತ್ತು.

ಮನೆಗೆ ಬಂದ ಮೇಲೂ ಏನು ಕೇಳಿದರೂ ಅದೇ ಉತ್ತರ. ಹಸಿವಾ? ಇಲ್ಲ. ಚಳಿಯಾ? ಇಲ್ಲ. ವರ್ಡೆಲ್ ಕೇಳುವುದನ್ನೇ ಬಿಟ್ಟಳು. ತಟ್ಟೆ ಮುಂದಿಡುತ್ತಿದ್ದಳು, ಕೋಟು ಹೆಗಲಿಗೆ ಹೊದಿಸುತ್ತಿದ್ದಳು. ಅವನ ದೀಕ್ಷಾಸ್ನಾನದ ದಿನ ಹೊಳೆಯಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಿಂತ ಪಾದ್ರಿ, “ಯೇಸುವನ್ನು ನಂಬ್ತೀಯಾ?” ಎಂದರೆ ಈ ಮಹಾಶಯ “ಇಲ್ಲ ಸಾರ್” ಅಂದುಬಿಟ್ಟ. “ಕೇಳ್ಬೇಡಿ ರೆವರೆಂಡ್, ಮುಳುಗ್ಸಿ!” ಎಂದು ದಂಡೆಯಿಂದ ಕಿರುಚಿದಳು ವರ್ಡೆಲ್. ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ಹುಡುಗಾಟವೆಂದುಕೊಂಡರು. ಅವಳು ಹಾಗೆಯೇ ಅಂದುಕೊಳ್ಳಲು ಬಿಟ್ಟಳು.

ಆಮೇಲೆ ವರ್ಷಗಟ್ಟಲೆ ಲೆಮ್ ಚರ್ಚಿನ ಹುಲ್ಲು ಕೊಯ್ದ, ಊರವರ ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡಿದ. ಗೋಡೆಗೆ ಕಿವಿಯಿಟ್ಟು ನಿಂತದ್ದನ್ನು ಅಕ್ಕ ಎಷ್ಟೋ ಸಲ ಕಂಡಿದ್ದಳು. ಆದರೆ ಅವನನ್ನು ಕೇಳಿ ಏನು ಪ್ರಯೋಜನ?

*

ಮಣ್ಣು ಮಾಡಿ ಬಂದು ಎಲ್ಲರೂ ಚರ್ಚಿನ ಹಿಂದಿನ ಹಾಲ್‌ನಲ್ಲಿ ಊಟಕ್ಕೆ ಕೂತಿದ್ದರು. ಹುರಿದ ಕೋಳಿ, ಸೊಪ್ಪು, ಸಿಹಿಗೆಣಸಿನ ಪೈ. ನೋವಿರಲಿಲ್ಲವಂತೆ ಎಂಬ ಮಾತು ಪೈ ತಟ್ಟೆಯ ಜೊತೆಗೇ ಮೇಜಿನಿಂದ ಮೇಜಿಗೆ ಹೋಗುತ್ತಿತ್ತು. ಥಾಡಿಯಸ್ ಒಂದು ಚೀಲ ಹಿಡಿದು ವರ್ಡೆಲ್‌ಳ ಎದುರು ಬಂದು ಕೂತ. ನಿದ್ದೆಯಿಲ್ಲದೆ ಅವನ ಕಣ್ಣುಗಳು ಕೆಂಪಾಗಿದ್ದವು.

“ಅಕ್ಕಾ, ಹುಲ್ಲು ಕೊಯ್ಯೋ ಯಂತ್ರ ರಿಪೇರಿ ಮಾಡಿದ್ರು. ಆಮೇಲೆ ಬೆವರಿಳಿಸ್ಕೊಂಡು ಮರದ ಕೆಳಗೆ ಕೂತ್ರು. ನೋವಾ ಅಂದೆ, ಆಸ್ಪತ್ರೆಗೆ ಹೋಗೋಣ್ವಾ ಅಂದೆ. ಎಲ್ಲಕ್ಕೂ ಇಲ್ಲ ಅಂದ್ರು. ಅದಕ್ಕೇ ನಾನು ಆ ಕಡೆ ಹುಲ್ಲು ಕೊಯ್ಯೋಕೆ ಹೋದೆ. ತಿರುಗಿ ಬರೋಷ್ಟರಲ್ಲಿ ಕುಸಿದುಬಿದ್ದಿದ್ರು, ಆಸ್ಪತ್ರೆಗೆ ಒಯ್ದರೂ ಉಳೀಲಿಲ್ಲ.” ಅವನು ಚೀಲವನ್ನು ಮಡಿಲಿಗೆ ಎಳೆದುಕೊಂಡ. “ನಿಜ ಹೇಳಿ. ಅಣ್ಣ ಸುಳ್ಳು ಹೇಳೋರಲ್ಲ ತಾನೇ?”

ಹೇಳಿದರೆ ಇವನು ಬದುಕಿರುವಷ್ಟು ದಿನ ಆ ಮರದ ಕೆಳಗೇ ಇರುತ್ತಾನೆ. ಹೇಳದಿದ್ದರೆ ಲೆಮ್ ಒಬ್ಬನೇ ತಿಂದ ನೋವನ್ನು ನೋವೆನ್ನುವವರೂ ಇರುವುದಿಲ್ಲ. ವರ್ಡೆಲ್ ತಮ್ಮನಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದಳು.

“ಅಲ್ಲಪ್ಪ. ಲೆಮ್ ಯಾವತ್ತೂ ಸುಳ್ಳು ಹೇಳ್ತಿರ್ಲಿಲ್ಲ.”

ಥಾಡಿಯಸ್ ದೀರ್ಘವಾಗಿ ಉಸಿರು ಬಿಟ್ಟ. “ಆಸ್ಪತ್ರೆಯೋರು ಅಣ್ಣನ ಬಟ್ಟೆ ಕೊಟ್ರು” ಎಂದು ಚೀಲಕ್ಕೆ ಕೈಹಾಕಿದ. “ಮುದ್ದೆ ಮಾಡಿ ತುಂಬಿದ್ದಾರೆ. ಇರಿ, ಮಡಚಿ ಕೊಡ್ತೀನಿ.” ಅವಳು ಬೇಡ ಎನ್ನುವಷ್ಟರಲ್ಲಿ ಅಂಗಿಯನ್ನು ಕೊಡವಿ ಮೇಜಿನ ಮೇಲೆ ಹರಡಿದ.

ಎಡ ಎದೆಯ ಮೇಲೆ ಯಂತ್ರದ ಕರಿ ಗ್ರೀಸು ಮೆತ್ತಿತ್ತು. ನಾಲ್ಕು ಬೆರಳಿನ ಗುರುತು ಒಂದು ಕಡೆ, ಹೆಬ್ಬೆರಳಿನದು ಇನ್ನೊಂದು ಕಡೆ. ನಡುವಿನ ಬಟ್ಟೆ ಹಿಂಡಿ ಹಿಂಡಿ ಹರಿದುಹೋಗಿತ್ತು.

ಥಾಡಿಯಸ್ ಏನೂ ಕೇಳಲಿಲ್ಲ. ನಿಧಾನವಾಗಿ ಕೈ ಚಾಚಿ, ಒಂದೊಂದೇ ಬೆರಳನ್ನು ಆ ಗುರುತುಗಳ ಮೇಲಿಟ್ಟ.